ಕಿಟಕಿ ಮುಚ್ಚದ ಮೇಷ್ಟ್ರು

ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎನ್ನುತ್ತಾರೆ. ಹಾಗೆನ್ನುವವರು ಒಂದು ಸಲ ಮಟಮಟ ಮಧ್ಯಾಹ್ನ ಹುಣಸೂರಿನಲ್ಲಿ ಸ್ಕೂಟಿ ಹತ್ತಿ, ಎಚ್.ಡಿ. ಕೋಟೆ ದಾಟಿ, ಹಂಪಾಪುರದ ಗೊಬ್ಬರದಂಗಡಿಯವರೆಗೆ ಹೋಗಿ ಬರಲಿ. ಆಮೇಲೆ ಮಾತಾಡೋಣ. ಮೊನ್ನೆ ಅಲ್ಲಿಂದ ಫೋನ್ ಬಂತು. "ಮೇಡಂ, ಕಂಪ್ಯೂಟ್ರು ಮತ್ತೆ ಮಲಗ್ಬುಡ್ತು ಕಣ್ರೀ. ಬೆಳಗ್ಗೆ ಚೆನ್ನಾಗೇ ಇತ್ತು. ಊಟದೊತ್ಗೆ ಒಂದ್ ಬಿಲ್ ಬರೋಕೆ ಒಂದ್ ಬೀಡಿ ಸೇದೋಷ್ಟು ಹೊತ್ತು ಆಯ್ತದೆ" ಎಂದರು ಅಂಗಡಿಯವರು. ಅಷ್ಟಕ್ಕೇ ಸುಮ್ಮನಾಗಬಾರದೆ? "ಸಾರ್ ಇದ್ದಿದ್ರೆ ಬಂದು ನೋಡೋರು" ಎಂದು ಬೇರೆ ಸೇರಿಸಿದರು.

ಸಾರ್ ಇದ್ದಿದ್ದರೆ! ಅದು ಹಾಗೆ ಮಲಗುವಂತೆ ಮಾಡಿಟ್ಟವರೇ ಆ ಸಾರ್. ಅವರು ತೀರಿಕೊಂಡು ತಿಂಗಳುಗಳಾದವು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಕೋಟೆ, ಈ ನಾಲ್ಕೂ ತಾಲ್ಲೂಕಿನ ಅಂಗಡಿ ಮಿಲ್ಲುಗಳಲ್ಲಿ ಅವರು ಬರೆದ ಬಿಲ್ಲಿನ ಪ್ರೋಗ್ರಾಂ ಇದೆ. ಒಂದೊಂದು ಊರಿಗೆ ಒಂದೊಂದು ತರಹ ತಿದ್ದಿಕೊಟ್ಟ ಪುಣ್ಯಾತ್ಮರು. ಅದನ್ನೆಲ್ಲ ಒಂದೊಂದಾಗಿ ಸರಿಮಾಡುತ್ತ ನಾನು ಇನ್ನೂ ಓಡಾಡುತ್ತಿದ್ದೇನೆ. ಅವರ ಒಂದು ಹಟದಿಂದ ಒಂದು ಸುಗ್ಗಿಯಲ್ಲಿ ನಮ್ಮಿಬ್ಬರ ಅಂಗಡಿ ಮುಳುಗಿಹೋಗುವುದರಲ್ಲಿತ್ತು, ನನ್ನ ಅನ್ನಕ್ಕೇ ಕಲ್ಲು ಬೀಳುವುದರಲ್ಲಿತ್ತು. ಅದನ್ನು ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ. ಆದರೆ ಮನುಷ್ಯ ಎಂಥವರು ಅಂತ ಗೊತ್ತಾಗದೆ ಆ ಹಟ ಅರ್ಥವಾಗುವುದಿಲ್ಲ.

ಹುಣಸೂರು ಬಸ್ ಸ್ಟ್ಯಾಂಡಿಗೆ ಹತ್ತಿರದಲ್ಲಿ ಒಂದು ಹಾರ್ಡ್‌ವೇರ್ ಅಂಗಡಿ, ಅದರ ಮಹಡಿಯಲ್ಲಿ ಅವರ ಕಂಪ್ಯೂಟರ್ ಕ್ಲಾಸು. ಕೆಳಗೆ ಕಬ್ಬಿಣದ ಸರಳು ಇಳಿಸುವ ಸದ್ದು, ಮೇಲೆ ಅವರ ಪಾಠ. ಬಿಸಿಎ ಮುಗಿಸಿ ಪ್ರೋಗ್ರಾಂ ಬರೆಯುವುದನ್ನು ಸರಿಯಾಗಿ ಕಲಿಯೋಣ ಅಂತ ಹೋದವಳು ನಾನು. ಕಲಿತೆ, ಅಲ್ಲೇ ಪಾಠ ಹೇಳಿದೆ, ಕೊನೆಗೆ ಪಾಲುದಾರಳೂ ಆದೆ. ಸರ್ ಅವರ ಊರು ಬೆಟ್ಟದಪುರ. ಹಣೆಗೆ ಮೂರು ಬೆರಳ ವಿಭೂತಿ, ಅರ್ಧ ತೋಳಿನ ಬಿಳಿ ಅಂಗಿ, ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ಸ್ಕ್ರೂಡ್ರೈವರ್. ಆ ಸ್ಕ್ರೂಡ್ರೈವರಿನಿಂದ ಅವರು ಏನನ್ನಾದರೂ ಬಿಚ್ಚಿದ್ದನ್ನು ನಾನು ನೋಡಿಲ್ಲ. ಕಿವಿ ಕೆರೆದುಕೊಳ್ಳುತ್ತಿದ್ದರು.

ನಮ್ಮ ಕಡೆ ಹಿರಿಯರು ಕೆಲವು ಮಾತು ಆಡುವುದಿಲ್ಲ. ದೀಪ ಆರಿಸು ಅನ್ನಬಾರದು, ದೊಡ್ಡದು ಮಾಡು ಅನ್ನಬೇಕು. ಬಾಗಿಲು ಮುಚ್ಚು ಅನ್ನಬಾರದು, ಮುಂದೆ ಮಾಡು ಅನ್ನಬೇಕು. ಅಕ್ಕಿ ಮುಗಿಯಿತು ಅನ್ನಬಾರದು, ಹೆಚ್ಚಿತು ಅನ್ನಬೇಕು. ಹೊರಡುವಾಗ ಹೋಗ್ತೀನಿ ಅಂತೂ ಅನ್ನಲೇಬಾರದು. ನಮ್ಮ ಅಜ್ಜಿಯೂ ಹಾಗೇ ಇದ್ದಳು, ಅದರಲ್ಲೇನೂ ವಿಶೇಷವಿಲ್ಲ. ಆದರೆ ಅಜ್ಜಿಗೆ ಅದು ಬಾಯಿಯ ಮರ್ಯಾದೆ, ಅಷ್ಟೇ. ಹೊತ್ತಾದರೆ ದೀಪ ಉಫ್ ಅಂತ ಊದಿ ಮಲಗುತ್ತಿದ್ದಳು. ನಮ್ಮ ಸರ್ ಆಡಿದ ಮಾತನ್ನು ನಡೆಸಲೂ ಹೊರಟವರು. ಅಲ್ಲೇ ಬಂದಿದ್ದು ಗ್ರಹಚಾರ.

ಫೋನನ್ನೇ ತೆಗೆದುಕೊಳ್ಳಿ. ಅವರು ಜನ್ಮದಲ್ಲಿ ಒಂದು ಕರೆಯನ್ನೂ ತಾವಾಗಿ ಕತ್ತರಿಸಿದವರಲ್ಲ. "ಮಾತಾಡ್ತಿರೋರ ಬಾಯಿ ಮೇಲೆ ಬಾಗಿಲು ಹಾಕ್ದಂಗೆ ಆಯ್ತದೆ ಕಣಮ್ಮ, ಅವರೇ ಇಡ್ಲಿ" ಎನ್ನುತ್ತಿದ್ದರು. ಆ ಕಡೆಯವರೂ ಇಡದಿದ್ದರೆ? ಫೋನು ಹಾಗೇ ಜೇಬಿಗೆ. ಜೇಬಿನೊಳಗೆ ಕರೆ ನಡೆಯುತ್ತಲೇ ಇರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಬ್ಯಾಟರಿ ಖಾಲಿ, ಗಿರಾಕಿಗಳೆಲ್ಲ ನನಗೆ ಫೋನ್ ಮಾಡಿ ಬೈಯುವುದು. ನಾನು ಅವರ ಫೋನು ಕಿತ್ತುಕೊಂಡು ಕೆಂಪು ಗುಂಡಿ ಒತ್ತಿದರೆ ಮುಖ ಆ ಕಡೆ ತಿರುಗಿಸುತ್ತಿದ್ದರು.

ಕ್ಲಾಸಿನ ಹಿಂದಿನ ಕೋಣೆಯಲ್ಲಿ ಕೆಟ್ಟುಹೋದ ಹಳೆಯ ಡಬ್ಬದಂಥ ಮಾನಿಟರುಗಳು ಗೋಡೆಯೆತ್ತರಕ್ಕೆ ಇದ್ದವು. ಗುಜರಿಗೆ ಹಾಕಿ ಸರ್, ಒಂದು ಬೆಂಚಾದರೂ ಹಾಕಬಹುದು ಎಂದು ಹೇಳಿ ಹೇಳಿ ನನ್ನ ನಾಲಿಗೆ ಸವೆಯಿತು. ಒಂದು ದಿನ ನೋಡುತ್ತೇನೆ, ಅವರ ಹೆಂಡತಿಯ ಹಳೆಯ ಸೀರೆಯೊಂದನ್ನು ತಂದು ಎಲ್ಲಕ್ಕೂ ಸೇರಿಸಿ ಹೊದಿಸಿದ್ದಾರೆ. "ಈಗ ಕಾಣಲ್ವಲ್ಲ?" ಎಂದರು. ರಾಮ ರಾಮಾ! ಕಾಣದಿದ್ದರೆ ಜಾಗ ಖಾಲಿಯಾಯಿತೇ?

ಬಿಲ್ಲಿನ ಪ್ರೋಗ್ರಾಂ ಮೊದಲು ಹೋಗಿದ್ದು ಪಿರಿಯಾಪಟ್ಟಣದ ಒಂದು ಬಟ್ಟೆ ಅಂಗಡಿಗೆ. ತಲೆಮಾರುಗಳಿಂದ ವ್ಯಾಪಾರ ಮಾಡಿಕೊಂಡು ಬಂದ ಮನೆತನ. ಒಳ್ಳೆಯ ದಿನ ನೋಡಿ ಪೂಜೆ ಇಟ್ಟಿದ್ದರು. ಮಾನಿಟರಿಗೆ ವಿಭೂತಿ ಹಚ್ಚಿ, ಹೂವು ಏರಿಸಿ, ಕಾಯಿ ಒಡೆದು, ಯಜಮಾನರ ತಾಯಿಯ ಕೈಯಲ್ಲೇ ಮೊದಲ ಬಿಲ್ಲು ಮಾಡಿಸಿದೆವು. ಬಿಲ್ಲು ಚೆನ್ನಾಗಿ ಬಂತು. ಮುಗಿಸಲು ಮೂಲೆಯ ಗುಂಡಿ ಒತ್ತಿದರೆ ಪರದೆಯ ಮೇಲೆ ದೊಡ್ಡದಾಗಿ "ಮುಚ್ಚಬೇಕೆ?" ಎಂದು ಬಂತು. ಕೆಳಗೆ ಹೌದು, ಇಲ್ಲ. ಅಕ್ಷರ ಓದಬಲ್ಲ ಮುದುಕಿ ಅದು. ಹಣೆ ಚಚ್ಚಿಕೊಂಡಿತು.

"ಪೂಜೆ ದಿನಾನೇ ಅಂಗ್ಡಿ ಮುಚ್ಬೇಕಾ ಅಂತ ಕೇಳ್ತದಲ್ಲಪ್ಪ ಈ ಅನಿಷ್ಟ! ಯಾವನಪ್ಪ ಬರ್ದಿದ್ದು ಇದ್ನ?"

ಬರೆದವರು ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದರು. ಮುಖ ಸಪ್ಪಗಾಯಿತು. ಹುಣಸೂರಿಗೆ ಬಂದವರೇ ಕೂತು ಪ್ರೋಗ್ರಾಮಿನಲ್ಲಿದ್ದ "ಮುಚ್ಚಿ" ಎಂಬ ಮಾತನ್ನೆಲ್ಲ ತೆಗೆದು "ಹೋಗಿ ಬನ್ನಿ" ಎಂದು ಬರೆದರು. ಚೆನ್ನಾಗಿತ್ತು. ಗಿರಾಕಿಗಳಿಗೆ ಬಹಳ ಹಿಡಿಸಿತು. ಬೇರೆ ಕಂಪ್ಯೂಟರುಗಳು ಗದರುತ್ತವೆ, ಸಾರ್ ಮಾಡಿಕೊಟ್ಟಿದ್ದು ಮರ್ಯಾದೆ ಕೊಡುತ್ತದೆ ಎಂದು ಕೆ.ಆರ್. ನಗರದಾಚೆ ಮಿರ್ಲೆಯ ಕಡೆಯವರೆಗೂ ಹೆಸರಾಯಿತು.

ಅಷ್ಟಕ್ಕೇ ನಿಂತಿದ್ದರೆ ನಾನು ಇವತ್ತು ಇಷ್ಟು ಬೈಯುತ್ತಿರಲಿಲ್ಲ. ಗುಂಡಿಯ ಹೆಸರು ಬದಲಾಯಿಸಿದವರು ಒಳಗಿನ ಕೆಲಸವನ್ನೂ ಬದಲಾಯಿಸಿಬಿಟ್ಟರು. ಪರದೆಯ ಮೇಲೆ ಒಂದೊಂದು ಬಿಲ್ಲಿಗೆ ಒಂದೊಂದು ಚೌಕ ತೆರೆದುಕೊಳ್ಳುತ್ತದಲ್ಲ, ಅದನ್ನು ನಾವು ಕಿಟಕಿ ಎನ್ನುತ್ತೇವೆ. ಕೆಲಸ ಆದ ಮೇಲೆ ಆ ಕಿಟಕಿಯನ್ನು ನಿಜವಾಗಿಯೂ ಮುಚ್ಚಬೇಕು. ಮುಚ್ಚಿದರೆ ಯಂತ್ರ ಅದನ್ನು ಮರೆತು, ಅದು ಹಿಡಿದಿದ್ದ ಜಾಗವನ್ನು ವಾಪಸ್ಸು ಪಡೆಯುತ್ತದೆ. ಸರ್ ಅದನ್ನು ಮುಚ್ಚುವ ಬದಲು ಮರೆಗೆ ಸರಿಸಿದರು. ಕಣ್ಣಿಗೆ ಕಾಣುವುದಿಲ್ಲ, ಆದರೆ ಒಳಗೆ ಜೀವಂತ ಕೂತಿದೆ. ಮುಂದಿನ ಗಿರಾಕಿಗೆ ಹೊಸ ಕಿಟಕಿ. ಅದೂ ಮರೆಗೆ. ಮತ್ತೊಂದು ಹೊಸದು. ಮದುವೆಮನೆಯಲ್ಲಿ ಉಂಡವರು ಮನೆಗೆ ಹೋಗದೆ ಉಗ್ರಾಣದಲ್ಲಿ ನಿಂತುಕೊಂಡರೆ ಏನಾಗುತ್ತದೆ? ನಾಲ್ಕನೇ ಪಂಕ್ತಿಯ ಹೊತ್ತಿಗೆ ಅಡುಗೆಯವನಿಗೆ ಸೌಟು ಆಡಿಸಲೂ ಜಾಗವಿರುವುದಿಲ್ಲ. ಅಂಗಡಿಗಳ ಕಂಪ್ಯೂಟರು ಮಧ್ಯಾಹ್ನದ ಹೊತ್ತಿಗೆ ಏದುಸಿರು ಬಿಡುತ್ತಿದ್ದುದು ಇದಕ್ಕೇ.

ಇದು ಗೊತ್ತಾದ ದಿನ ನಾನು ಕೇಳಿದೆ, "ಮೇಲೆ ಹೋಗಿ ಬನ್ನಿ ಅಂತ ಬರೆದಿದ್ದು ಸರಿ ಸರ್. ಒಳಗೆ ಮುಚ್ಚಿದರೆ ಯಾರಿಗೆ ಕಾಣುತ್ತೆ?"

"ನಂಗೆ ಕಾಣ್ತದಲ್ಲ. ಬಾಯಲ್ಲೊಂದು ಒಳಗೊಂದು ಇಟ್ಕೋಬಾರದು ಕಣಮ್ಮ. ಹೋಗಿ ಬನ್ನಿ ಅಂತ ಕೈ ಮುಗ್ದು, ಬೆನ್ನು ತಿರುಗಿಸ್ತಿದ್ದಂಗೆ ಕತ್ತು ಹಿಸುಕೋದಾ?"

"ಅದು ಕಿಟಕಿ ಸರ್. ಅದಕ್ಕೆ ಕತ್ತಿಲ್ಲ."

"ಮಾತ್ಗೆ ಹೇಳ್ದೆ" ಎಂದು ಟೀ ತರಿಸಿದರು. ಮಾತು ಅಲ್ಲಿಗೆ ಮುಗಿಯಿತು. ಕ್ಷಮಿಸಿ, ಹೆಚ್ಚಿತು.

ಅವರಿಗೆ ವಿಷಯ ಗೊತ್ತಿರಲಿಲ್ಲ ಅಂತಾದರೆ ಸಹಿಸಬಹುದಿತ್ತು. ಅವರಷ್ಟು ಚೆನ್ನಾಗಿ ಅದನ್ನು ಬಲ್ಲವರು ನನಗೆ ಇನ್ನೊಬ್ಬರು ಸಿಕ್ಕಿಲ್ಲ. ನಾನು ಹೊಸದಾಗಿ ಕಲಿಯುತ್ತಿದ್ದಾಗ ನಮಸ್ಕಾರ ಎನ್ನುವ ಒಂದು ಪುಟ್ಟ ಕಿಟಕಿ ಮಾಡಿದ್ದೆ. ಗುಂಡಿ ಒತ್ತಿದರೆ ಮಿಂಚಿನ ಹಾಗೆ ಒಮ್ಮೆ ಬಂದು ಮಾಯ. ಮತ್ತೆ ಒತ್ತಿದೆ, ಮತ್ತೆ ಮಾಯ. ಬೆಳಗಿನಿಂದ ಒದ್ದಾಡಿ ಅಳುವಂತಾಗಿದ್ದೆ. ಸರ್ ಬಂದು ಹಿಂದೆ ನಿಂತು ನೋಡಿ ನಕ್ಕರು.

"ಹುಟ್ಟಿಸ್ದೋಳು ನೀನು. ಹಿಡ್ಕೊಂಡೋರು ಯಾರು?" ಎಂದರು. "ಆ ಕೆಲಸದ ಒಳಗೇ ಅದನ್ನ ಹುಟ್ಟಿಸ್ದೆ. ಕೆಲಸ ಆದ್ಮೇಲೆ ಅದ್ರ ಕೈ ಹಿಡ್ಕೊಳ್ಳೋಕೆ ಒಂದು ಹೆಸರೂ ಇಟ್ಕೊಂಡಿಲ್ಲ. ಯಾರಿಗೂ ಬೇಡದ್ದು ಅಂತ ಯಂತ್ರ ಎತ್ತಾಕ್ಬುಡ್ತು. ಕಾಣೋದು ಬೇರೆ, ಇರೋದು ಬೇರೆ ಕಣಮ್ಮ. ಕಾಣ್ದೆ ಇದ್ರೂ ಇರ್ಬೋದು. ಆದ್ರೆ ಇರ್ದೆ ಕಾಣೋಕಾಗಲ್ಲ."

ಆ ಕಿಟಕಿಗೊಂದು ಹೆಸರು ಕೊಟ್ಟು, ಅದನ್ನು ಕೆಲಸದ ಹೊರಗೆ ಇಟ್ಟುಕೊಂಡೆ. ನಮಸ್ಕಾರ ನಿಂತಿತು. ಬಿಸಿಎಯಲ್ಲಿ ಇದನ್ನು ಮೂರು ಪುಟ ಉರು ಹೊಡೆದಿದ್ದೆ, ತಲೆಗೆ ಹತ್ತಿರಲಿಲ್ಲ. ಎಷ್ಟು ಚೆನ್ನಾಗಿ ಹೇಳಿಕೊಟ್ಟರು ಅಂತ ಅವತ್ತು ಮನೆಗೆ ಹೋಗಿ ಅಮ್ಮನಿಗೆಲ್ಲ ಹೇಳಿದ್ದೆ. ಅಂಥ ಮನುಷ್ಯ ತಮ್ಮದೇ ಪ್ರೋಗ್ರಾಮಿಗೆ ಬಂದಾಗ ಹೀಗೆ! ಮೈ ಉರಿಯದೆ ಇರುತ್ತದೆಯೇ?

ಗಿರಾಕಿಗಳಿಗೆ ಅವರು ಒಂದು ಉಪಾಯ ಹೇಳಿಕೊಟ್ಟಿದ್ದರು. ಊಟಕ್ಕೆ ಏಳುವಾಗ ಕಂಪ್ಯೂಟರನ್ನು ಒಂದು ಗಳಿಗೆ ಮಲಗಿಸಿ, ಬಂದ ಮೇಲೆ ಎಬ್ಬಿಸಿ. ಅಂದರೆ ಪೂರ್ತಿ ಆಫ್ ಮಾಡಿ ಆನ್ ಮಾಡಿ ಅಂತ. ಆಫ್ ಮಾಡಿದರೆ ಆ ಕಿಟಕಿಗಳೆಲ್ಲ ಒಟ್ಟಿಗೇ ಹೋಗುವುದಿಲ್ಲವೇ ಸರ್ ಎಂದರೆ, "ಅದು ಅವರು ಮಾಡೋದು, ನಾನು ಬರ್ದಿದ್ದಲ್ಲ" ಎನ್ನುತ್ತಿದ್ದರು. ಈ ನ್ಯಾಯಕ್ಕೆ ಏನು ಹೇಳುತ್ತೀರಿ? ಬಟ್ಟೆ ಅಂಗಡಿ, ಗೊಬ್ಬರದಂಗಡಿಗಳಲ್ಲಿ ಇದು ಹೇಗೋ ನಡೆದುಹೋಗುತ್ತಿತ್ತು. ಅಕ್ಕಿ ಗಿರಣಿಯಲ್ಲಿ ನಡೆಯಲಿಲ್ಲ.

ಕೆ.ಆರ್. ನಗರದಿಂದ ಮಿರ್ಲೆಗೆ ಹೋಗುವ ದಾರಿಯಲ್ಲಿ ಆ ಗಿರಣಿ. ಯಜಮಾನರನ್ನು ಎಲ್ಲರೂ ಗೌಡ್ರು ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಅವರ ಭಾವ, ಷಡ್ಡಕ, ಅಣ್ಣತಮ್ಮಂದಿರಿಗೆಲ್ಲ ಸುತ್ತಮುತ್ತ ಗಿರಣಿಗಳಿದ್ದವು, ಎಲ್ಲ ಕಡೆಯೂ ನಮ್ಮದೇ ಪ್ರೋಗ್ರಾಂ. ಕ್ಲಾಸಿಗೆ ಬರುವ ಹುಡುಗರು ಕಡಿಮೆಯಾಗಿದ್ದ ಕಾಲ ಅದು. ಹೇಳಬೇಕೆಂದರೆ ಆ ಒಂದು ಬಳಗದಿಂದಲೇ ನಮ್ಮ ಅಂಗಡಿಯ ಒಲೆ ಉರಿಯುತ್ತಿತ್ತು. ಸುಗ್ಗಿಯಲ್ಲಿ ಅಲ್ಲಿ ಭತ್ತದ ಟ್ರಾಕ್ಟರುಗಳು ರಸ್ತೆಯವರೆಗೆ ಸಾಲು ನಿಲ್ಲುತ್ತವೆ. ಮಲಗಿಸಿ ಎಬ್ಬಿಸಿ ಎಂದರೆ ಯಾರು ಕಾಯುತ್ತಾರೆ? ಅದೂ ಅಲ್ಲದೆ ಅಲ್ಲಿ ಕಂಪ್ಯೂಟರಿಗೆ ತೂಕದ ಯಂತ್ರ ಜೋಡಿಸಿತ್ತು. ಪ್ರತಿ ರೈತನಿಗೂ ಒಂದು ಕಿಟಕಿ, ಯಂತ್ರದಿಂದ ತೂಕ ಬಂದಂತೆ ಅದು ಬರೆದುಕೊಳ್ಳಬೇಕು. ಮರೆಗೆ ಸರಿದ ಕಿಟಕಿಗಳು ಸುಮ್ಮನೆ ಕೂತಿರಲಿಲ್ಲ, ಅವೂ ಕಿವಿಗೊಟ್ಟುಕೊಂಡೇ ಇದ್ದವು. ಒಂದು ಮೂಟೆ ತಕ್ಕಡಿಗೆ ಬಿದ್ದರೆ ಬೆಳಗಿನಿಂದ ಬಂದು ಹೋದ ಅಷ್ಟೂ ರೈತರ ಕಿಟಕಿಗಳು ಒಳಗೇ ಕೂತು ಆ ತೂಕ ಬರೆದುಕೊಳ್ಳುತ್ತಿದ್ದವು. ತೂಕದ ಚೀಟಿ ತಪ್ಪಾಗುತ್ತಿರಲಿಲ್ಲ, ಆದರೆ ಬರುತ್ತಿರಲಿಲ್ಲ.

ಒಂದು ಸುಗ್ಗಿ ಹೀಗೇ ಬೈಸಿಕೊಂಡು ಕಳೆದೆವು. ಮರುವರ್ಷ ಕೊಯ್ಲಿಗೆ ಮುಂಚೆ ಗೌಡ್ರು ಫೋನ್ ಮಾಡಿದರು. ಸರ್ "ಆಗ್ಲಿ ಗೌಡ್ರೆ, ನೋಡುವ ಗೌಡ್ರೆ" ಎಂದು ಮಾತಾಡಿ ಫೋನನ್ನು ಎಂದಿನಂತೆ ಜೇಬಿಗೆ ಇಳಿಸಿದರು. ನನ್ನ ಕಡೆ ತಿರುಗಿ, "ಆ ಗೌಡಂಗೆ ಮಿಷಿನ್ ಮೇಲೆ ಕರುಣೆ ಇಲ್ಲ ಕಣಮ್ಮ. ಬಾಡಿಗೆ ಎತ್ತು ಹೊಡ್ದಂಗೆ ಹೊಡೀತಾನೆ" ಎಂದರು.

ಜೇಬು ಮಾತಾಡಿತು. "ಕೇಳುಸ್ತಾ ಅದೆ ಸಾರ್. ಇನ್ನೂ ಏನಾದ್ರೂ ಇದ್ರೆ ಅದ್ನೂ ಅಂದ್ಬುಡಿ."

ಸರ್ ಬೆಚ್ಚಿ ಎದೆಯ ಮೇಲೆ ಕೈಯಿಟ್ಟುಕೊಂಡರು. ಗೌಡ್ರ ದನಿ ಅಂಗಿಯೊಳಗಿಂದಲೇ ಬರುತ್ತಿತ್ತು. "ಈ ಸುಗ್ಗೀಲಿ ಒಂದೇ ಒಂದ್ಸಲ ನಿಂತ್ರೂ ಸರಿ, ಮೈಸೂರಿನೋರ ಪ್ರೋಗ್ರಾಂ ಹಾಕುಸ್ಕತ್ತೀನಿ. ನಮ್ ಭಾವ, ನಮ್ ತಮ್ಮದೀರೂ ಅಷ್ಟೇಯ. ಆಮೇಲೆ ನನ್ ಬೈಕಬ್ಯಾಡಿ." ಇಷ್ಟು ಹೇಳಿ ಅವರೇ ಫೋನ್ ಇಟ್ಟರು.

ಮನೆಯಲ್ಲಿ ನನ್ನ ದುಡಿಮೆ ಬಿಟ್ಟರೆ ಬೇರೆ ಇರಲಿಲ್ಲ. ಈ ಅಂಗಡಿ ನಿಂತರೆ ಈ ಊರಿನಲ್ಲಿ ನನಗೆ ಇಂಥ ಕೆಲಸ ಇನ್ನೆಲ್ಲಿದೆ? ಮೂಲ ಪ್ರೋಗ್ರಾಮಿನ ಪ್ರತಿ ನನ್ನ ಬಳಿಯೂ ಇತ್ತು, ಅವರಿಗೆ ಹೇಳದೆ ಒಂದು ಸಾಲು ತಿದ್ದಿ ಗಿರಣಿಗೆ ಹಾಕಿಬರಬಹುದಿತ್ತು. ಆದರೆ ಪ್ರೋಗ್ರಾಂ ಅವರದು. ಇನ್ನೊಬ್ಬರ ಅಡುಗೆಮನೆಗೆ ನುಗ್ಗಿ ಒಗ್ಗರಣೆ ಹಾಕಿ ಬರುವ ಜಾಯಮಾನ ನನ್ನದಲ್ಲ. ಬೇಡಿದೆ, ವಾದಿಸಿದೆ, ಪರದೆಯ ಮೇಲೆ ತೋರಿಸಿದೆ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ. ಕೊನೆಗೆ ರೇಗಿತು.

"ಸರ್, ಒಂದೋ ಆ ಕಿಟಕಿಗಳು ಹೋಗಬೇಕು, ಇಲ್ಲ ನಾನು ಹೋಗ್ತೀನಿ!"

"ಹೋಗ್ಬತ್ತೀನಿ ಅನ್ನು."

"ಬರಲ್ಲ ಸರ್!"

"ಬರ್ದಿದ್ರೆ ಬುಡು. ಅನ್ನೋಕೇನಾಗ್ಬೇಕು?"

ಬ್ಯಾಗು ಎತ್ತಿಕೊಂಡು ದಡದಡ ಮೆಟ್ಟಿಲಿಳಿದು ಬಂದೆ. ಮಾರನೇ ಬೆಳಗ್ಗೆ ಕೋಟೆಯಿಂದ ಯಾರೋ ಗಿರಾಕಿ ಹುಡುಕಿಕೊಂಡು ಬಂದಿದ್ದಾರೆ ಎಂದು ಹಾರ್ಡ್‌ವೇರ್ ಅಂಗಡಿಯವರು ಫೋನ್ ಮಾಡಿದರು, ಹೋದೆ. ನೋಡಿದರೆ ಅಂಗಡಿಗೆ ಬೀಗ. ಸರ್ ಬಂದಿರಲಿಲ್ಲ. ಫೋನ್ ಮಾಡಿದರೆ, "ಸ್ವಲ್ಪ ಊರ ಕಡೆ ಇದೀನಿ ಕಣಮ್ಮ, ನೋಡ್ಕೊ" ಎಂದರು. ಅವರ ದನಿಯ ಹಿಂದೆ ಯಾರೋ ಹೆಸರು ಕೂಗಿ ಕರೆಯುವುದು, ಲಿಫ್ಟಿನ ಗಂಟೆ ಕೇಳಿಸಿತು. ಬೆಟ್ಟದಪುರದಲ್ಲಿ ಲಿಫ್ಟು ಎಲ್ಲಿಂದ ಬರಬೇಕು? ಅವರ ಹೆಂಡತಿಗೆ ಫೋನ್ ಮಾಡಿದೆ. "ಊರೂ ಇಲ್ಲ ಕೇರೀನೂ ಇಲ್ಲ ಕಣವ್ವ. ಮೈಸೂರಾಸ್ಪತ್ರೇಲವ್ರೆ. ಎದೆ ನೋವು ಎಷ್ಟು ದಿನದಿಂದ ಇತ್ತೋ, ನನ್ಗೂ ಬಾಯ್ಬುಡ್ನಿಲ್ಲ. ಕಾಣ್ದಂಗೆ ಇಟ್ಕಂಡ್ರೆ ಇಲ್ದಂಗೆ ಆದದಾ ನೀನೇ ಹೇಳು" ಎಂದು ಅತ್ತರು. ಸಿಟ್ಟೂ ಬಂತು, ಹೆದರಿಕೆಯೂ ಆಯಿತು.

ಸರ್ ಮನೆಗೆ ಬಂದು ಮೆಟ್ಟಿಲು ಹತ್ತಬಾರದು, ಓಡಾಡಬಾರದು ಎಂದು ಮಲಗಿದ್ದ ಹೊತ್ತಿಗೆ ಸುಗ್ಗಿ ಶುರುವಾಯಿತು. ಕಿಟಕಿಯ ಸುದ್ದಿ ನಾನು ಎತ್ತಲಿಲ್ಲ. ದಿನಾ ಬೆಳಗ್ಗೆ ಗಿರಣಿಗೆ ಹೋಗಿ ಕೂತು, ಗೌಡ್ರು ಎಲೆಅಡಿಕೆಗೆ ಎದ್ದಾಗ ಕದ್ದು ಕಂಪ್ಯೂಟರನ್ನು ಮಲಗಿಸಿ ಎಬ್ಬಿಸುತ್ತಿದ್ದೆ. ಆದರೆ ಒಂದು ದಿನ ಎಲ್ಲರ ಗದ್ದೆಯ ಭತ್ತವೂ ಒಟ್ಟಿಗೇ ಬಂದ ಹಾಗೆ ಟ್ರಾಕ್ಟರುಗಳು ಬಂದವು. ಗೌಡ್ರು ಕುರ್ಚಿ ಬಿಟ್ಟು ಏಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಪರದೆ ಹೆಪ್ಪುಗಟ್ಟಿತು.

"ಏನ್ ಮೇಡಮ್ಮೋರೆ, ನನ್ ಮುದಿ ಎತ್ತೇ ವಾಸಿ ನಿಮ್ ಕಂಪೂಟ್ರಿಗಿಂತ" ಎಂದು ಒಬ್ಬ ರೈತ ಕಿಸಕ್ಕೆಂದ. ಗೌಡ್ರು ನಗಲಿಲ್ಲ. "ಮೈಸೂರಿನೋರು ನಾಳೆ ಬತ್ತೀವಿ ಅಂದವ್ರೆ. ಸಂಜೆ ಒಳ್ಗೆ ಸರಿ ಮಾಡುದ್ರೆ ನೀವು. ಇಲ್ದಿದ್ರೆ ಅವ್ರು" ಎಂದರು.

ನಾನು ಸರ್‌ಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಆ ಕಡೆ ಮಾತಿಲ್ಲ. ಫೋನ್ ಜೇಬಿಗೆ ಹೋಯಿತು ಎಂದುಕೊಂಡೆ. ಹೊತ್ತು ಇಳಿಯುತ್ತಿದ್ದಾಗ ನೋಡಿದರೆ ಗಿರಣಿಯ ಮುಂದೆ ಬಸ್ಸಿನಿಂದ ಇಳಿಯುತ್ತಿದ್ದಾರೆ! ವಿಭೂತಿ, ಬಿಳಿ ಅಂಗಿ, ಜೇಬಿನಲ್ಲಿ ಸ್ಕ್ರೂಡ್ರೈವರು. ಮುಖ ಬಿಳಿಚಿಕೊಂಡಿತ್ತು. ಹೆಂಡತಿಗೆ ಹೇಳಿ ಬಂದಿರಾ ಎಂದರೆ, "ಅಂಗಡಿಗೆ ಹೋಗ್ಬತ್ತೀನಿ ಅಂದೆ" ಎಂದರು. ಬೈಯಲು ಬಾಯಿ ತೆರೆದೆ. ಅವರು ಏದುಸಿರು ಬಿಡುತ್ತಿದ್ದುದು ನೋಡಿ ಕುರ್ಚಿ ಕೊಟ್ಟೆ.

ಕೂತರು. ಪ್ರೋಗ್ರಾಂ ತೆರೆದರು. ಕಿಟಕಿ ಮರೆಗೆ ಸರಿಯುವ ಆ ಜಾಗಕ್ಕೆ ಬಂದು ಬೆರಳೆತ್ತಿ ಹಾಗೇ ಕೂತರು. ಹೊರಗೆ ಹಮಾಲಿಗಳು ಮೂಟೆ ಎಣಿಸುವುದು ಕೇಳುತ್ತಿತ್ತು. ಇಲ್ಲಿ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. "ಲಾಭ, ಎರಡು, ಮೂರು..."

"ಗೌಡ್ರೆ," ಎಂದರು ಸರ್, "ಒಳಗೆ ಮುಚ್ಚೋದೇ ಆದ್ರೆ ಮೇಲೆ ಗುಂಡಿಗೂ ಮುಚ್ಚಿ ಅಂತ್ಲೇ ಬರೀಬೇಕಾಯ್ತದೆ. ಹೋಗಿ ಬನ್ನಿ ಅಂತ ಸುಳ್ಳು ಹೇಳೋಕಾಗಲ್ಲ."

ಗೌಡ್ರು ಹೌಹಾರಿದರು. "ಅಯ್ಯೋ ಶಿವ್ನೆ! ಸುಗ್ಗೀಲಿ, ರಾಶಿ ಮುಂದೆ, ಮುಚ್ಚು ಗಿಚ್ಚು ಅಂತ ಬರ್ದೀರಾ? ಬ್ಯಾಡಿ. ಒಳ್ಗೆ ಏನಾರಾ ಮಾಡ್ಕಳಿ, ಮೇಲೆ ಹೋಗಿ ಬನ್ನಿ ಅಂತ್ಲೇ ಇರ್ಲಿ."

"ಮೋಸ ಅಲ್ವಾ ಗೌಡ್ರೆ?"

ನಾನು ತಲೆ ಹಿಡಿದುಕೊಂಡೆ. ರಸ್ತೆಯವರೆಗೆ ಟ್ರಾಕ್ಟರು, ನಾಳೆ ಮೈಸೂರಿನವರು, ನನ್ನ ಜೀವನ ತೂಗುಯ್ಯಾಲೆಯಲ್ಲಿ. ಇವರಿಬ್ಬರು ಕೂತು ಒಂದು ಗುಂಡಿಯ ಸತ್ಯ ಮಿಥ್ಯ ನೋಡುತ್ತಿದ್ದಾರಾ? ಗೌಡ್ರು ಸರ್ ಮುಖ ನೋಡಿದರು. ಆಮೇಲೆ ಅವರ ದನಿಯಲ್ಲಿ ಬಿಗಿ ಇರಲಿಲ್ಲ.

"ಸಾರ್, ನಮ್ಮವ್ವನ ಮಣ್ಣಿಗೆ ಹಾಕುವಾಗ್ಲೂ ಹೋಗ್ಬಾರವ್ವ ಅಂತ್ಲೇ ಅಂದಿದ್ದು ನಾವು. ಇನ್ನೇನ್ ಅನ್ನನ ಹೇಳಿ? ಮೋಸ ಮಾಡ್ದಂಗಾಯ್ತಾ ಅವ್ಳಿಗೆ?"

ಸರ್ ಎತ್ತಿದ್ದ ಬೆರಳು ಇಳಿಸಿದರು. ಎರಡು ಕೈಯನ್ನೂ ಮೇಜಿಗೆ ಊರಿ ಎದ್ದರು. "ನೀನ್ ಬರಿಯಮ್ಮ. ನಾನು ಆಚೆ ಇರ್ತೀನಿ" ಎಂದು ಹೊರಗೆ ಹೋಗಿ, ಭತ್ತದ ರಾಶಿಯ ಕಡೆ ಮುಖ ಮಾಡಿ, ನಮಗೆ ಬೆನ್ನು ಹಾಕಿ ನಿಂತರು.

ಬರೆಯಲು ಎಷ್ಟು ಹೊತ್ತು ಬೇಕು? ಒಂದು ಸಾಲು ಅಳಿಸಿ ಇನ್ನೊಂದು ಸಾಲು. ಇಷ್ಟಕ್ಕೆ ಇಷ್ಟು ವರ್ಷ! ಯಂತ್ರ ಎಬ್ಬಿಸಿ ತೂಕ ಶುರು ಮಾಡಿದೆವು. ಮೂಟೆ ಬಿದ್ದ ತಕ್ಷಣ ತೂಕ, ಗುಂಡಿ ಒತ್ತಿದ ತಕ್ಷಣ ಚೀಟಿ. ಇನ್ನೊಬ್ಬರು, ಮತ್ತೊಬ್ಬರು. ಒಂದರ ಹಿಂದೊಂದು ಟ್ರಾಕ್ಟರುಗಳು ಹೊರಟವು. ಗೌಡ್ರು ಫೋನ್ ತೆಗೆದು ಮೈಸೂರಿನವರಿಗೆ ಬರಬೇಡಿ ಎಂದರು. ನಾನು ಪಕ್ಕದಲ್ಲಿದ್ದ ಚೊಂಬಿನ ನೀರನ್ನು ಪೂರ್ತಿ ಕುಡಿದೆ. ನನಗೆ ಅಳು ಬರುತ್ತಿತ್ತು.

ಸಾಲು ಕರಗಿದ ಮೇಲೆ ಸರ್ ಮೆಲ್ಲಗೆ ಒಳಗೆ ಬಂದರು. ಸರಿಹೋಯಿತಾ, ಗೌಡ್ರು ಒಪ್ಪಿದರಾ, ಅಂಗಡಿ ಉಳಿಯಿತಾ, ಒಂದೂ ಕೇಳಲಿಲ್ಲ. ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದ್ದು ಇದು:

"ಅವಕ್ಕೇನೂ ಗೊತ್ತಾಗ್ಲಿಲ್ವಲ್ಲ?"

ಹುಚ್ಚು ಹಿಡಿಸುವ ಮನುಷ್ಯ. ಯಾವುದಕ್ಕೆ ಸರ್, ಏನು ಗೊತ್ತಾಗಬೇಕು ಸರ್, ಅದು ಕಿಟಕಿ ಸರ್ ಎಂದು ಕೂಗಬೇಕೆನ್ನಿಸಿತು. ಅವರ ಮುಖ ನೋಡಿದೆ. "ಇಲ್ಲ ಸರ್. ಏನೂ ಗೊತ್ತಾಗಲಿಲ್ಲ" ಎಂದೆ. "ಹಂಗಾದ್ರೆ ಉಳಿದೋರಿಗೂ ನೀನೇ ಹಾಕ್ಕೊಡು" ಎಂದು ಹೇಳಿ ಗೌಡ್ರು ತರಿಸಿದ ಟೀ ಕುಡಿದರು.

ಸುಗ್ಗಿ ಕಳೆದು, ಉಳಿದ ಅಂಗಡಿಗಳಿಗೆ ನಾನು ಓಡಾಡಲು ಶುರು ಮಾಡಿದ ಹೊಸತರಲ್ಲೇ, ಒಂದು ಸಂಜೆ ಅವರ ಹೆಂಡತಿಯ ಫೋನ್ ಬಂತು. ಪಿರಿಯಾಪಟ್ಟಣದ ಬಟ್ಟೆ ಅಂಗಡಿಯಲ್ಲಿದ್ದೆ. ಅವರು ಹೇಳಿದ್ದು ಕೇಳಿಸಿಕೊಂಡೆ. ಎಷ್ಟು ಹೊತ್ತಿಗೆ, ಯಾರಿದ್ದರು, ಮಣ್ಣು ಯಾವಾಗ, ಕೇಳಬೇಕಾದ್ದು ಎಷ್ಟೋ ಇತ್ತು. ನನ್ನ ಬಾಯಿಂದ ಬಂದದ್ದು ಒಂದೇ.

"ಅವರಿಗೇನೂ ಗೊತ್ತಾಗಲಿಲ್ಲವಲ್ಲ ಅಮ್ಮ?"

"ಇಲ್ಲ ಕಣವ್ವ" ಎಂದರು. "ಉಂಡು ಮಲಗಿದ್ರು."

ಫೋನನ್ನು ಅವರೂ ಇಡಲಿಲ್ಲ, ನಾನೂ ಇಡಲಿಲ್ಲ.